ಮುನ್ನೆಚ್ಚರಿಕೆಯ ಯುದ್ಧ : 1798ರ ನಿರ್ಧಾರ ಮತ್ತು ಸಂಪಗಾಂವ ಸೀಮೆ

ವೈರಿಯಾದ ರಾಜ್ಯವೊಂದು ತನ್ನನ್ನು ನಾಶಮಾಡಬಲ್ಲ ಬಲವನ್ನು ಗಳಿಸುವ ಹಾದಿಯಲ್ಲಿದೆ ಎಂಬ ಶಂಕೆ ಮೂಡಿದಾಗ, ಆ ಬಲವು ಅದರ ಕೈಸೇರುವ ಮೊದಲೇ ಅದರ ಮೇಲೆ ದಂಡೆತ್ತಿ ಹೋಗುವುದು ಯುಕ್ತವೇ? ಈ ಪ್ರಶ್ನೆಯು ಅಣ್ವಸ್ತ್ರಗಳ ಯುಗದಲ್ಲಿ ಹುಟ್ಟಿದುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. 1981ರ ಜೂನ್ 7ರಂದು ಇಸ್ರೇಲ್, ಬಾಗ್ದಾದಿನ ಸಮೀಪದ ತುವೈತದಲ್ಲಿದ್ದ ಇರಾಕಿನ ಅಣುಸ್ಥಾವರದ ಮೇಲೆ ಬಾಂಬು ಹಾಕಿತು. 2003ರಲ್ಲಿ ಅಮೆರಿಕವು ಸಮೂಹನಾಶಕ ಅಸ್ತ್ರಗಳ ಕಾರಣವೊಡ್ಡಿ ಇರಾಕನ್ನು ಆಕ್ರಮಿಸಿತು. 2025ರ ಜೂನ್ ತಿಂಗಳಲ್ಲಿ ಇಸ್ರೇಲ್, ಅದರ ಬೆನ್ನಿಗೇ ಅಮೆರಿಕ, ಇರಾನಿನ ಅಣುಕೇಂದ್ರಗಳ ಮೇಲೆ ದಾಳಿ ನಡೆಸಿದವು. ಪ್ರತಿ ಸಲವೂ ಇದೇ ಪ್ರಶ್ನೆ ಚರ್ಚೆಗೆ ಬಂದಿತು. ಆದರೆ ಪ್ರಶ್ನೆ ಅಣ್ವಸ್ತ್ರಕ್ಕಿಂತ ಬಹಳ ಹಳೆಯದು. ಕರ್ನಾಟಕದ ಇತಿಹಾಸದಲ್ಲಿಯೇ ಇದನ್ನು ಕಾಗದದ ಮೇಲೆ, ದಿನಾಂಕಸಹಿತವಾಗಿ, ಪರ-ವಿರೋಧಗಳ ಸಮೇತ ತೂಗಿನೋಡಿದ ಸಂದರ್ಭವೊಂದಿದೆ. ಅದು 1798ರಲ್ಲಿ ಟಿಪ್ಪು ಸುಲ್ತಾನನ ಮೇಲೆ ಯುದ್ಧ ಹೂಡಬೇಕೆಂದು ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ ಕೈಗೊಂಡ ನಿರ್ಧಾರ.

ಈ ನಿರ್ಧಾರದ ಬಗ್ಗೆ ಬಂದಿರುವ ಬರವಣಿಗೆಗಳು ಸಾಮಾನ್ಯವಾಗಿ ಶ್ರೀರಂಗಪಟ್ಟಣದ ಕೋಟೆಯ ಬಿರುಕಿನಲ್ಲಿ, 1799ರ ಮೇ 4ರಂದು, ಮುಕ್ತಾಯಗೊಳ್ಳುತ್ತವೆ. ಅದರ ಫಲವನ್ನು ಉಂಡ ನೆಲ ಮಾತ್ರ ಶ್ರೀರಂಗಪಟ್ಟಣವೊಂದೇ ಅಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳನ್ನೊಳಗೊಂಡ ಸಂಪಗಾಂವ ಸೀಮೆಯು ಈ ಕಥೆಯ ಆದಿಯಲ್ಲಿಯೂ ಇದೆ, ಅಂತ್ಯದಲ್ಲಿಯೂ ಇದೆ. ಈ ಸೀಮೆಯನ್ನು ಸೇರಿಸಿಕೊಂಡು ನೋಡಿದಾಗ ಮುನ್ನೆಚ್ಚರಿಕೆಯ ಯುದ್ಧದ ತೂಕದಲ್ಲಿ ಯಾವುದು ಬಿಟ್ಟುಹೋಗುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಪ್ರಸ್ತುತ ಲೇಖನದ ಉದ್ದೇಶ ಅಷ್ಟೇ.

ಯುದ್ಧವನ್ನು ತೂಗುವ ಪರಂಪರೆ

ನಮ್ಮ ರಾಜನೀತಿಗ್ರಂಥಗಳಿಗೆ ಈ ಬಗೆಯ ತೂಕ ಅಪರಿಚಿತವಲ್ಲ. ಕೌಟಿಲ್ಯನು ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ ಎಂಬ ಆರು ಗುಣಗಳನ್ನು ಹೇಳುತ್ತಾನೆ. ಸಂಧಿ ಮತ್ತು ವಿಗ್ರಹಗಳಿಂದ ಬರುವ ಲಾಭ ಸಮಾನವಾಗಿದ್ದರೆ ಸಂಧಿಯನ್ನೇ ಆರಿಸಿಕೊಳ್ಳಬೇಕೆಂಬುದು ಅವನ ಮತ. ಯುದ್ಧದಲ್ಲಿ ಜನಕ್ಷಯವೂ ಧನವ್ಯಯವೂ ಇರುವುದರಿಂದ, ಲಾಭ ಸಮವಾಗಿ ಕಂಡರೂ ವಾಸ್ತವದಲ್ಲಿ ಅದು ಸಮವಲ್ಲ. ಹತ್ತನೆಯ ಶತಮಾನದ ಸೋಮದೇವಸೂರಿಯು ತನ್ನ ‘ನೀತಿವಾಕ್ಯಾಮೃತ’ದ ಯುದ್ಧಪ್ರಕರಣದಲ್ಲಿ ಬುದ್ಧಿಯಿಂದ ಮಾಡುವ ಯುದ್ಧವನ್ನು ಮೊದಲಿಗಿಟ್ಟು, ಅದು ಸಾಧ್ಯವಾಗದಾಗ ಮಾತ್ರ ಶಸ್ತ್ರಯುದ್ಧಕ್ಕೆ ತೊಡಗಬೇಕೆನ್ನುತ್ತಾನೆ. ಇವರಿಬ್ಬರೂ ಯುದ್ಧವಿರೋಧಿಗಳಲ್ಲ, ರಾಜ್ಯ ನಡೆಸುವವರಿಗಾಗಿ ಬರೆದವರು. ಆದುದರಿಂದಲೇ ಅವರ ಎಚ್ಚರಿಕೆಗೆ ಬೆಲೆ ಹೆಚ್ಚು.

ಪಂಪನ ‘ಆದಿಪುರಾಣ’ದಲ್ಲಿ ಬರುವ ಭರತ-ಬಾಹುಬಲಿಗಳ ಪ್ರಸಂಗವನ್ನೂ ಇಲ್ಲಿ ನೆನೆಯಬಹುದು. ಎರಡು ಸೈನ್ಯಗಳು ಎದುರಾಗಿ ನಿಂತಾಗ ಮಂತ್ರಿಗಳು ಲೆಕ್ಕ ಹಾಕುತ್ತಾರೆ. ಅಣ್ಣತಮ್ಮಂದಿರಿಬ್ಬರೂ ಚರಮದೇಹಿಗಳು, ಅವರಿಗೆ ಯುದ್ಧದಿಂದ ಹಾನಿಯಿಲ್ಲ. ಸಾಯುವವರು ನಡುವಿನ ಜನ. ಆದ್ದರಿಂದ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳ ಮೂಲಕ ಅವರಿಬ್ಬರೇ ಬಲಾಬಲವನ್ನು ನಿರ್ಣಯಿಸಿಕೊಳ್ಳಲಿ ಎಂಬ ವ್ಯವಸ್ಥೆ ಏರ್ಪಡುತ್ತದೆ. ನಿರ್ಧಾರ ಮಾಡುವವನು ಒಬ್ಬ, ಅದರ ನೋವನ್ನು ಉಣ್ಣುವವನು ಇನ್ನೊಬ್ಬ ಎಂಬ ಅರಿವು ಈ ಮಂತ್ರಿಗಳ ಲೆಕ್ಕದಲ್ಲಿ ಇದೆ. 1798ರ ಕಾಗದಪತ್ರಗಳನ್ನು ಓದುವಾಗ ಈ ಅರಿವು ಎಲ್ಲಿದೆ, ಎಲ್ಲಿಲ್ಲ ಎಂಬುದನ್ನು ಹುಡುಕಬೇಕಾಗುತ್ತದೆ.

ಟಿಪ್ಪು ಮತ್ತು ನರಗುಂದ-ರಾಮದುರ್ಗ

ಟಿಪ್ಪುವನ್ನು ಕಂಡು ನೆರೆಯವರು ಅಂಜುತ್ತಿದ್ದರು ಎಂಬುದು ಕಂಪನಿಯ ಕಟ್ಟುಕಥೆಯಲ್ಲ. ಅದಕ್ಕೆ ನಮ್ಮ ಸೀಮೆಯೇ ಸಾಕ್ಷಿ. ನರಗುಂದ ಮತ್ತು ರಾಮದುರ್ಗಗಳು ಭಾವೆ ಮನೆತನದ ಆಳ್ವಿಕೆಯಲ್ಲಿದ್ದವು. ಹೈದರಾಲಿಯ ಕಾಲದಲ್ಲಿ ಈ ಸಂಸ್ಥಾನವು ನಿಗದಿತ ಕಪ್ಪ ಸಲ್ಲಿಸುವ ಕರಾರಿನ ಮೇಲೆ ಮೈಸೂರಿಗೆ ಅಧೀನವಾಗಿತ್ತು. ಟಿಪ್ಪು ಕಪ್ಪವನ್ನು ಹೆಚ್ಚಿಸಿ ಕೇಳಿದಾಗ ವೆಂಕಟರಾವ್ ಭಾವೆ ಒಪ್ಪಲಿಲ್ಲ. ಪುಣೆಯ ಪೇಶವೆಯ ದರಬಾರು ತನ್ನ ಬೆನ್ನಿಗೆ ನಿಲ್ಲುವುದೆಂದು ಅವನು ನಂಬಿದ್ದನು. ಟಿಪ್ಪುವಿನ ದೃಷ್ಟಿಯಲ್ಲಿ ಇದು ಗಡಿಯಲ್ಲಿದ್ದ ಸಣ್ಣ ಸಂಸ್ಥಾನವೊಂದು ಹೊರಗಿನ ದೊಡ್ಡ ಶಕ್ತಿಯನ್ನು ಮನೆಯೊಳಕ್ಕೆ ಕರೆತರುವ ಪ್ರಯತ್ನವಾಗಿತ್ತು. 1785ರಲ್ಲಿ ಅವನ ಸೈನ್ಯ ನರಗುಂದವನ್ನು ಮುತ್ತಿ ಹಿಡಿಯಿತು. ರಾಮದುರ್ಗವೂ ಕಿತ್ತೂರೂ ಅವನ ವಶವಾದವು. ಭಾವೆಯೂ ಅವನ ದಿವಾನ ಕಾಳೋಪಂತನೂ ಸೆರೆಯಾಳುಗಳಾದರು.

ಇದರ ಪರಿಣಾಮವು ಟಿಪ್ಪು ಬಯಸಿದುದಕ್ಕೆ ವಿರುದ್ಧವಾಗಿತ್ತು. ಮರಾಠರ ನೆರವು ನರಗುಂದಕ್ಕೆ ಒದಗಬಾರದೆಂದು ಕೈಗೊಂಡ ದಂಡಯಾತ್ರೆಯೇ ಮರಾಠರನ್ನೂ ನಿಜಾಮನನ್ನೂ ಅವನ ವಿರುದ್ಧ ಒಂದುಗೂಡಿಸಿತು. 1787ರ ಒಪ್ಪಂದದಂತೆ ಅವನು ಬಾದಾಮಿ, ನರಗುಂದ, ಕಿತ್ತೂರುಗಳನ್ನು ಮರಾಠರಿಗೂ ಆದವಾನಿಯನ್ನು ನಿಜಾಮನಿಗೂ ಬಿಟ್ಟುಕೊಡಬೇಕಾಯಿತು. ಮೂರು ವರ್ಷಗಳ ತರುವಾಯ ಕಾರ್ನ್‌ವಾಲಿಸನು ಯುದ್ಧ ಹೂಡಿದಾಗ ಈ ಇಬ್ಬರೂ ಕಂಪನಿಯ ಪಕ್ಷದಲ್ಲಿದ್ದರು. ಪರಶುರಾಮ ಭಾವೂ ಪಟವರ್ಧನನ ಸೈನ್ಯವು ಇಂಗ್ಲಿಷ್ ತುಕಡಿಯೊಂದರೊಡನೆ ಧಾರವಾಡದ ಕೋಟೆಯನ್ನು ತಿಂಗಳುಗಟ್ಟಲೆ ಮುತ್ತಿ 1791ರಲ್ಲಿ ಹಿಡಿಯಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ತನ್ನ ರಾಜ್ಯದ ಅರ್ಧವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಿದನು.

ಇಲ್ಲಿ ಕಾರ್ನ್‌ವಾಲಿಸನ ನಡೆಯನ್ನು ಗಮನಿಸಬೇಕು. ಅವನಿಗೆ ಟಿಪ್ಪುವಿನ ರಾಜ್ಯವನ್ನು ಪೂರ್ತಿಯಾಗಿ ಮುಗಿಸುವ ಅವಕಾಶವಿತ್ತು. ಆದರೂ ಮರಾಠರು ಮತ್ತು ನಿಜಾಮನ ಎದುರು ಸಮತೋಲಕ್ಕೆ ಕುಗ್ಗಿದ ಮೈಸೂರೊಂದು ಉಳಿದಿರುವುದು ಲೇಸೆಂದು ಅವನು ಎಣಿಸಿದನು. ಏಳು ವರ್ಷಗಳಲ್ಲಿ ಆ ಎಣಿಕೆ ಬದಲಾಯಿತು.

ಫ್ರೆಂಚರ ನೆರವು ಎಂಬ ಅಸ್ತ್ರ

1792ರ ಬಳಿಕ ಟಿಪ್ಪುವಿಗೆ ಕಳೆದುಕೊಂಡುದನ್ನು ಮರಳಿ ಪಡೆಯುವ ದಾರಿ ಒಂದೇ ಇತ್ತು. ಅದು ಫ್ರಾನ್ಸಿನ ಸೈನ್ಯ. ಆ ಕಾಲದ ದಕ್ಷಿಣ ಭಾರತದಲ್ಲಿ ಫ್ರೆಂಚ್ ಸೈನ್ಯ ಮತ್ತು ನೌಕಾಬಲವೆಂದರೆ ಇಡೀ ಬಲಾಬಲವನ್ನು ತಲೆಕೆಳಗು ಮಾಡಬಲ್ಲ ಅಸ್ತ್ರವಾಗಿತ್ತು. ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್ಟುಗಳ ಪೆಟ್ಟನ್ನು ಕಂಪನಿಯ ಸಿಪಾಯಿಗಳು 1780ರ ಪೊಳ್ಳಿಲೂರಿನ ಕದನದಿಂದಲೂ ಬಲ್ಲವರಾಗಿದ್ದರು. ಆದರೂ ಕಲ್ಕತ್ತೆಯನ್ನು ಕಳವಳಗೊಳಿಸಿದುದು ಕೈಯಲ್ಲಿದ್ದ ಆ ಆಯುಧವಲ್ಲ. ಇನ್ನೂ ಕೈಸೇರದ, ಸೇರಬಹುದಾದ ಬಲವೇ ಅವರ ಕಳವಳಕ್ಕೆ ಕಾರಣವಾಗಿತ್ತು.

1797ರಲ್ಲಿ ಫ್ರಾನ್ಸ್ವಾ ರಿಪೋ ಎಂಬ ಫ್ರೆಂಚ್ ನಾವಿಕನು ಜಖಂಗೊಂಡ ಹಡಗಿನಲ್ಲಿ ಮಂಗಳೂರಿಗೆ ಬಂದನು. ಮಾರಿಷಸಿನಲ್ಲಿ ದೊಡ್ಡದೊಂದು ಸೈನ್ಯ ಟಿಪ್ಪುವಿನ ಕರೆಗಾಗಿ ಕಾದಿದೆಯೆಂದು ಹೇಳಿಕೊಂಡನು. ಅವನು ಮೋಸಗಾರನೆಂದು ಟಿಪ್ಪುವಿನ ಮಂತ್ರಿಗಳೇ ಎಚ್ಚರಿಸಿದ್ದರು. ಟಿಪ್ಪು ನಂಬಿದನು, ಅಥವಾ ನಂಬಲು ಬಯಸಿದನು. ಅವನ ರಾಯಭಾರಿಗಳಿಬ್ಬರು 1798ರ ಜನವರಿಯಲ್ಲಿ ಮಾರಿಷಸ್ ತಲುಪಿದರು. ಅಲ್ಲಿ ಕೊಡುವುದಕ್ಕೆ ಸೈನ್ಯವಿರಲಿಲ್ಲ. ಗವರ್ನರ್ ಮಲಾರ್ತಿಕ್ ಜನವರಿ 30ರಂದು ಟಿಪ್ಪುವಿನ ಬೇಡಿಕೆಯನ್ನು ಬಹಿರಂಗಪಡಿಸಿ ಸ್ವಯಂಸೇವಕರನ್ನು ಕರೆಯುವ ಘೋಷಣೆಯೊಂದನ್ನು ಹೊರಡಿಸಿದನು. ಗುಟ್ಟಾಗಿರಬೇಕಾದ ಮಾತು ಬೀದಿಗೆ ಬಂದಿತು. ಏಪ್ರಿಲ್ ಕೊನೆಯಲ್ಲಿ ಮಂಗಳೂರಿನಲ್ಲಿ ಇಳಿದವರು ಸುಮಾರು ನೂರು ಮಂದಿ.

ಹೀಗೆ ಟಿಪ್ಪುವಿನ ಉದ್ದೇಶದ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ, ಅವನು ಕಂಪನಿಯ ವಿರುದ್ಧ ಫ್ರೆಂಚರನ್ನು ಕರೆದದ್ದು ನಿಜ. ಸಾಮರ್ಥ್ಯದ ವಿಷಯ ಬೇರೆ. ಉದ್ದೇಶ ಬೆಟ್ಟದಷ್ಟಿದ್ದರೂ ಕೈಗೆ ಬಂದುದು ನೂರು ಮಂದಿ. ಇವೆರಡನ್ನೂ ಬೇರೆಬೇರೆಯಾಗಿ ತೂಗಬೇಕಾಗಿತ್ತು.

ಕಲ್ಕತ್ತೆಯ ಲೆಕ್ಕ, ಮದ್ರಾಸಿನ ಲೆಕ್ಕ

ರಿಚರ್ಡ್ ವೆಲ್ಲೆಸ್ಲಿ 1798ರ ಮೇ ತಿಂಗಳಲ್ಲಿ ಕಲ್ಕತ್ತೆಗೆ ಬಂದು ಅಧಿಕಾರ ವಹಿಸಿಕೊಂಡನು. ಮಲಾರ್ತಿಕನ ಘೋಷಣೆ ಜೂನ್ 8ರಂದು ಕಲ್ಕತ್ತೆಯ ಪತ್ರಿಕೆಯಲ್ಲಿ ಕಾಣಿಸಿಕೊಂಡಿತು. ಎರಡು ವಾರಗಳೊಳಗೆ ಸೈನ್ಯವನ್ನು ಸಜ್ಜುಗೊಳಿಸುವಂತೆ ಮದ್ರಾಸಿನ ಜನರಲ್ ಹ್ಯಾರಿಸನಿಗೆ ಆಜ್ಞೆ ಹೋಯಿತು.

ಈ ಆಜ್ಞೆಯನ್ನು ಮದ್ರಾಸು ಮೌನವಾಗಿ ಒಪ್ಪಿಕೊಳ್ಳಲಿಲ್ಲ. ಅಲ್ಲಿನ ಸರಕಾರದ ಕಾರ್ಯದರ್ಶಿ ಜೋಸಾಯ ವೆಬ್ ಜುಲೈ ತಿಂಗಳಲ್ಲಿ ದೀರ್ಘವಾದ ಆಕ್ಷೇಪಪತ್ರವನ್ನು ಬರೆದನು. ಸೈನ್ಯ ಸಿದ್ಧವಿಲ್ಲ, ಎಳೆಯುವ ಎತ್ತುಗಳಿಲ್ಲ, ಬೊಕ್ಕಸದಲ್ಲಿ ಹಣವಿಲ್ಲ, ಮಿತ್ರರನ್ನು ನೆಚ್ಚುವಂತಿಲ್ಲ, ಅಕಾಲದ ದಾಳಿಯಿಂದ ಅನಾಹುತವಾದೀತು ಎಂಬುದು ಅವನ ವಾದದ ಸಾರ. ಹ್ಯಾರಿಸನೂ ಹಿಂಜರಿದನು. ಗವರ್ನರ್ ಜನರಲನ ಸ್ವಂತ ತಮ್ಮ, ಸೈನ್ಯದಲ್ಲಿ ಕರ್ನಲನಾಗಿದ್ದ ಆರ್ಥರ್ ವೆಲ್ಲೆಸ್ಲಿ ಕೂಡ ಆರಂಭದಲ್ಲಿ ಯುದ್ಧದ ಅವಸರ ಬೇಡ, ಘೋಷಣೆಯ ಪ್ರತಿಯನ್ನು ಕಳುಹಿಸಿ ಟಿಪ್ಪುವಿನಿಂದ ವಿವರಣೆ ಕೇಳೋಣ ಎಂಬ ಅಭಿಪ್ರಾಯದವನಾಗಿದ್ದನು. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಈತನೇ. ಸವದತ್ತಿಯ ಬಳಿ ಈತನನ್ನು ನಾವು ಮತ್ತೆ ಕಾಣಲಿದ್ದೇವೆ.

ಈ ಆಕ್ಷೇಪಗಳ ಸ್ವರೂಪವನ್ನು ಗಮನಿಸಿದರೆ ಒಂದು ಸಂಗತಿ ಎದ್ದುಕಾಣುತ್ತದೆ. ವೆಬ್ ಕೇಳಿದುದು ‘ಗೆಲ್ಲಬಲ್ಲೆವೇ?’ ಎಂದು. ಆರ್ಥರ್ ಕೇಳಿದುದು ‘ಈಗಲೇ ಬೇಕೇ?’ ಎಂದು. ಗೆದ್ದ ಮೇಲೆ ಮೈಸೂರಿನಿಂದ ಕೃಷ್ಣಾನದಿಯವರೆಗಿನ ನೆಲದಲ್ಲಿ ಏನಾದೀತು ಎಂಬ ಪ್ರಶ್ನೆ ಎರಡರಲ್ಲಿಯೂ ಮುಖ್ಯವಾಗಿರಲಿಲ್ಲ.

ವೆಲ್ಲೆಸ್ಲಿಯು ಆಗಸ್ಟ್ 12ರಂದು ತನ್ನ ಕಾರಣಗಳನ್ನು ವಿಸ್ತಾರವಾಗಿ ದಾಖಲಿಸಿದನು. ಟಿಪ್ಪುವಿನ ರಾಯಭಾರವೇ ಯುದ್ಧಘೋಷಣೆಗೆ ಸಮಾನ, ಬಂದವರು ಕೆಲವರೇ ಎಂಬುದು ಅವನ ಉದ್ದೇಶವನ್ನು ಕಡಿಮೆ ಮಾಡದು, ಕಾಲಹರಣ ವೈರಿಗೇ ಅನುಕೂಲ ಎಂಬುದು ಅವನ ವಾದ. ಈ ಭಾಷೆಯ ಹಿಂದೆ ಕಾನೂನಿನ ಕಟ್ಟೊಂದಿತ್ತು ಎಂಬುದನ್ನು ಸಂಶೋಧಕರು ಮರೆಯಬಾರದು. ಬ್ರಿಟಿಷ್ ಪಾರ್ಲಿಮೆಂಟಿನ 1784ರ ಮತ್ತು 1793ರ ಕಾಯಿದೆಗಳು ಭಾರತದಲ್ಲಿ ರಾಜ್ಯವಿಸ್ತಾರದ ಯುದ್ಧಗಳನ್ನು ನಿಷೇಧಿಸಿದ್ದವು. ವೈರಿಯು ಯುದ್ಧವನ್ನು ಆರಂಭಿಸಿದ್ದರೆ ಅಥವಾ ಅದಕ್ಕೆ ಸಿದ್ಧತೆ ನಡೆಸಿದ್ದರೆ ಮಾತ್ರ ಗವರ್ನರ್ ಜನರಲ್ ಇಂಗ್ಲೆಂಡಿನ ಅಪ್ಪಣೆಯಿಲ್ಲದೆ ಯುದ್ಧ ಹೂಡಬಹುದಾಗಿತ್ತು. ಆದುದರಿಂದ ಟಿಪ್ಪುವಿನ ಬಯಕೆಯನ್ನು ‘ಸಿದ್ಧತೆ’ ಎಂದು ಓದುವುದು ಅಗತ್ಯವಾಯಿತು. ಸಾಕ್ಷ್ಯವನ್ನು ನೋಡಿ ನಿರ್ಣಯ ಮಾಡುವುದು ಒಂದು ಕ್ರಮ, ನಿರ್ಣಯಕ್ಕೆ ತಕ್ಕಂತೆ ಸಾಕ್ಷ್ಯಕ್ಕೆ ಹೆಸರಿಡುವುದು ಇನ್ನೊಂದು ಕ್ರಮ. ವೆಲ್ಲೆಸ್ಲಿಯ ಬರವಣಿಗೆಯಲ್ಲಿ ಎರಡನೆಯದು ಹೆಚ್ಚು.

ಕಾರಣ ಕರಗಿದರೂ ನಿಲ್ಲದ ಯುದ್ಧ

ಆದರೂ ವೆಲ್ಲೆಸ್ಲಿಯ ಭಯ ಪೂರ್ತಿ ನಟನೆಯೆಂದು ಹೇಳಲಾಗದು. 1798ರ ಜುಲೈಯಲ್ಲಿ ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದಿದ್ದನು. ಅಲ್ಲಿಂದ ಕೆಂಪು ಸಮುದ್ರದ ಮೂಲಕ ಮಲಬಾರಿನ ಕರಾವಳಿಗೆ ಬರುವುದು ಕಲ್ಪನೆಗೆ ಎಟುಕದ ಮಾತಾಗಿರಲಿಲ್ಲ. 1799ರ ಜನವರಿಯಲ್ಲಿ ಅವನು ಕೈರೋದಿಂದ ಟಿಪ್ಪುವಿಗೆ ಪತ್ರವನ್ನೂ ಬರೆದನು. ಅದು ದಾರಿಯಲ್ಲಿಯೇ ಇಂಗ್ಲಿಷರ ಕೈಸೇರಿತು. ಹೈದರಾಬಾದಿನಲ್ಲಿ ನಿಜಾಮನ ಬಳಿ ಫ್ರೆಂಚ್ ಅಧಿಕಾರಿಗಳು ತರಬೇತುಗೊಳಿಸಿದ ದೊಡ್ಡ ಪಡೆಯಿತ್ತು. ಇವೆಲ್ಲ ಒಟ್ಟುಗೂಡಿದ್ದರೆ ಕಂಪನಿಯ ಸ್ಥಿತಿ ಕಠಿಣವಾಗುತ್ತಿತ್ತು.

ಆದರೆ ಯುದ್ಧ ಆರಂಭವಾಗುವ ಮೊದಲೇ ಈ ಭಯದ ಆಧಾರಗಳು ಒಂದೊಂದಾಗಿ ಕುಸಿದವು. ಆಗಸ್ಟ್ 1ರಂದು ನೈಲ್ ನದಿಯ ಮುಖದಲ್ಲಿ ನೆಲ್ಸನ್ನನು ಫ್ರೆಂಚ್ ನೌಕಾಪಡೆಯನ್ನು ನಾಶಮಾಡಿದನು. ಅಕ್ಟೋಬರ್ 22ರಂದು ಹೈದರಾಬಾದಿನ ಫ್ರೆಂಚ್ ಪಡೆಯನ್ನು ರಕ್ತಪಾತವಿಲ್ಲದೆ ನಿಶ್ಶಸ್ತ್ರಗೊಳಿಸಲಾಯಿತು. ಸೋಮದೇವನು ಹೇಳಿದ ಬುದ್ಧಿಯುದ್ಧಕ್ಕೆ ಇದು ಒಳ್ಳೆಯ ನಿದರ್ಶನ. ನೈಲ್ ಕದನದ ಸುದ್ದಿ ಅಕ್ಟೋಬರ್ ಕೊನೆಯಲ್ಲಿ ಕಲ್ಕತ್ತೆಯನ್ನು ಮುಟ್ಟಿತು. ವೆಲ್ಲೆಸ್ಲಿಯೇ ನವೆಂಬರ್ ಮೊದಲ ವಾರದಲ್ಲಿ ಆ ವಿಜಯದ ಸುದ್ದಿಯನ್ನು ಟಿಪ್ಪುವಿಗೆ ಬರೆದು ತಿಳಿಸಿದನು. ಅಂದರೆ, ಯಾವ ಸೈನ್ಯ ಬರುವುದೆಂದು ಯುದ್ಧಕ್ಕೆ ಸಜ್ಜಾದರೋ ಆ ಸೈನ್ಯ ಇನ್ನು ಸದ್ಯಕ್ಕೆ ಬಾರದೆಂಬುದು ಅವರಿಗೆ ತಿಳಿದಿತ್ತು.

ಸಿದ್ಧತೆ ಮಾತ್ರ ನಿಲ್ಲಲಿಲ್ಲ. ಬೆದರಿಕೆ ಕುಗ್ಗಿದುದು ಯುದ್ಧ ಬೇಡವೆನ್ನುವುದಕ್ಕೆ ಕಾರಣವಾಗುವ ಬದಲು, ಯುದ್ಧವನ್ನು ಸುಲಭವಾಗಿ ಗೆಲ್ಲಬಹುದೆನ್ನುವುದಕ್ಕೆ ಕಾರಣವಾಯಿತು. ಈ ತಿರುವೇ 1798ರ ದಾಖಲೆಗಳು ನಮಗೆ ಕಲಿಸುವ ಮುಖ್ಯ ಪಾಠ. ವೈರಿ ಬಲಿಷ್ಠನಾಗುತ್ತಿರುವನೆಂದು ಹೊರಟ ವಾದವು, ವೈರಿ ದುರ್ಬಲನಾಗಿರುವಾಗಲೇ ಮುಗಿಸಿಬಿಡೋಣವೆಂಬ ವಾದವಾಗಿ, ತನ್ನ ಹೆಸರನ್ನು ಬದಲಿಸಿಕೊಳ್ಳದೆಯೇ ಪರಿವರ್ತನೆಗೊಂಡಿತು.

ಟಿಪ್ಪುವಿನ ಪಾಲಿನ ತಪ್ಪೂ ಇದೆ. ಡಿಸೆಂಬರಿನಲ್ಲಿ ಅವನು ಕಳುಹಿಸಿದ ಉತ್ತರ ನಂಬಿಕೆಗೆ ಅರ್ಹವಾಗಿರಲಿಲ್ಲ. ವ್ಯಾಪಾರಿಗಳ ಹಡಗೊಂದು ಅಕ್ಕಿ ಹೇರಿಕೊಂಡು ಮಾರಿಷಸಿಗೆ ಹೋಗಿತ್ತು, ಹಿಂತಿರುಗುವಾಗ ನಲವತ್ತು ಮಂದಿಯನ್ನು ತಂದಿತು, ಅವರಲ್ಲಿ ಕೆಲವರು ಕುಶಲಕರ್ಮಿಗಳು ಎಂದು ಅವನು ಬರೆದನು. ಮೇಜರ್ ಡವ್‌ಟನ್ನನನ್ನು ಮಾತುಕತೆಗೆ ಬರಮಾಡಿಕೊಳ್ಳಲು ಕಂಪನಿ ಕೇಳಿದಾಗ ವಾರಗಟ್ಟಲೆ ಮುಂದೂಡಿದನು. ಕೊನೆಗೆ ಬರಹೇಳಿದಾಗ ಸೈನ್ಯಕ್ಕೆ ಮುನ್ನಡೆಯುವ ಆಜ್ಞೆ ಹೋಗಿಯಾಗಿತ್ತು. ಸುಳ್ಳು ಹೇಳಿ ಕಾಲ ಕಳೆಯುವ ದುರ್ಬಲನು ತನ್ನ ಮೇಲಿನ ಶಂಕೆಯನ್ನು ತಾನೇ ಗಟ್ಟಿಗೊಳಿಸುತ್ತಾನೆ.

1799ರ ಏಪ್ರಿಲಿನಲ್ಲಿ, ಕೋಟೆಗೆ ಮುತ್ತಿಗೆ ಬಿದ್ದಿರುವಾಗ, ಹ್ಯಾರಿಸನು ಒಡ್ಡಿದ ಷರತ್ತುಗಳು ಫ್ರೆಂಚರನ್ನು ಹೊರಹಾಕುವುದಕ್ಕೆ ಸೀಮಿತವಾಗಿರಲಿಲ್ಲ. ಉಳಿದ ರಾಜ್ಯದ ಅರ್ಧ, 2 ಕೋಟಿ ರೂಪಾಯಿ, ಮತ್ತೆ ಮಕ್ಕಳ ಒತ್ತೆ ಇವೂ ಅದರಲ್ಲಿದ್ದವು. ಕೋಟೆ ಬಿದ್ದ ಮೇಲೆ ಅರಮನೆಯಲ್ಲಿ ಸಿಕ್ಕ ಫ್ರೆಂಚ್ ಪತ್ರವ್ಯವಹಾರವನ್ನು ಕಂಪನಿ ಅಚ್ಚು ಹಾಕಿಸಿ ಯುದ್ಧದ ಸಮರ್ಥನೆಗೆ ಬಳಸಿತು. ಯುದ್ಧಾನಂತರ ದೊರೆತ ಸಾಕ್ಷ್ಯದಿಂದ ಯುದ್ಧಪೂರ್ವದ ನಿರ್ಧಾರವನ್ನು ಸಮರ್ಥಿಸುವುದು ತರ್ಕಬದ್ಧವಲ್ಲ. ನಿರ್ಧಾರದ ದಿನ ಮೇಜಿನ ಮೇಲೆ ಏನಿತ್ತು ಎಂಬುದಷ್ಟೇ ಇತಿಹಾಸಕಾರನ ಪ್ರಶ್ನೆಯಾಗಬೇಕು.

ಇನ್ನು ಆಯುಧದ ಮಾತು. ಮೈಸೂರಿನ ರಾಕೆಟ್ಟುಗಳ ಮಾದರಿಗಳು ಇಂಗ್ಲೆಂಡಿನ ವೂಲಿಚ್ ಶಸ್ತ್ರಾಗಾರಕ್ಕೆ ಹೋದವು. ವಿಲಿಯಂ ಕಾಂಗ್ರೀವ್ ಅವುಗಳನ್ನು ಆಧರಿಸಿ ರೂಪಿಸಿದ ರಾಕೆಟ್ಟುಗಳನ್ನು ಬ್ರಿಟಿಷರು 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಪ್ರಯೋಗಿಸಿದರು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಹಾಳುಬಾವಿಯೊಂದರಿಂದ ಸಾವಿರ ಸಂಖ್ಯೆಯ ಹಳೆಯ ರಾಕೆಟ್ಟುಗಳನ್ನು ಪುರಾತತ್ತ್ವ ಇಲಾಖೆ ಹೊರತೆಗೆಯಿತು. ಯುದ್ಧವು ರಾಜ್ಯವನ್ನು ಅಳಿಸಬಲ್ಲದು, ವಿದ್ಯೆಯನ್ನು ಅಳಿಸಲಾರದು. ಅದು ಕೈಯಿಂದ ಕೈಗೆ ಹೋಗುತ್ತದೆ.

ಮಲಪ್ರಭೆಯ ದಡದಲ್ಲಿ

ಶ್ರೀರಂಗಪಟ್ಟಣ ಬಿದ್ದ ದಿನ ಅಲ್ಲಿನ ಸೆರೆಯಿಂದ ಹೊರಬಂದವರಲ್ಲಿ ಧೋಂಡಿಯಾ ವಾಘ್ ಒಬ್ಬನು. ಚನ್ನಗಿರಿಯಲ್ಲಿ ಹುಟ್ಟಿ, ಹೈದರನ ಸೈನ್ಯದಲ್ಲಿದ್ದು, ಟಿಪ್ಪುವಿನಿಂದ ಬಂಧಿತನಾಗಿದ್ದವನು. ಒಡೆದುಹೋದ ಮೈಸೂರಿನ ಸೈನ್ಯದಲ್ಲಿ ಕೂಲಿ ಕಳೆದುಕೊಂಡ ಸಾವಿರಾರು ಸವಾರರು ಅವನ ಸುತ್ತ ಸೇರಿದರು. 1800ರಲ್ಲಿ ಅವನ ದಂಡು ತುಂಗಭದ್ರೆಯ ಉತ್ತರದ ಮರಾಠಾ ಸೀಮೆಯಲ್ಲಿ, ಎಂದರೆ ಧಾರವಾಡ, ಕಿತ್ತೂರು, ಸವದತ್ತಿಗಳ ನೆಲದಲ್ಲಿ, ಸಂಚರಿಸತೊಡಗಿತು. ಜೂನ್ 30ರಂದು ಕಿತ್ತೂರಿನ ಬಳಿ ನಡೆದ ಕಾಳಗದಲ್ಲಿ ಮರಾಠರ ಸರದಾರ ಧೋಂಡೋಪಂತ ಗೋಖಲೆ ಹತನಾದನು.

ಧೋಂಡಿಯಾನನ್ನು ಬೆನ್ನಟ್ಟಿ ಬಂದ ಕಂಪನಿಯ ಸೇನಾನಿ ಬೇರೆ ಯಾರೂ ಅಲ್ಲ, ಯುದ್ಧದ ಅವಸರ ಬೇಡವೆಂದಿದ್ದ ಆರ್ಥರ್ ವೆಲ್ಲೆಸ್ಲಿ. ಜುಲೈ 26ರಂದು ಡಂಬಳದ ಕೋಟೆಯನ್ನು ಹಿಡಿದು, 30ರಂದು ಸವದತ್ತಿ ಸೀಮೆಯ ಮುನವಳ್ಳಿಯ ಎದುರಿಗೆ ಮಲಪ್ರಭೆಯ ದಡದಲ್ಲಿ ಬೀಡುಬಿಟ್ಟಿದ್ದ ಧೋಂಡಿಯಾನ ದಂಡಿನ ಮೇಲೆ ಎರಗಿದನು. ಅದು ಮಳೆಗಾಲ. ಈ ಘಟನೆಯನ್ನು ಅವನು ಥಾಮಸ್ ಮನ್ರೋಗೆ ಬರೆದ ಪತ್ರದಲ್ಲಿ ಒಂದೇ ವಾಕ್ಯದಲ್ಲಿ ತಿಳಿಸುತ್ತಾನೆ: ಧೋಂಡಿಯಾನ ಸಾಮಾನು ಸರಂಜಾಮನ್ನೂ ಆರು ತೋಪುಗಳನ್ನೂ ವಶಪಡಿಸಿಕೊಂಡು, ಸುಮಾರು ಐದು ಸಾವಿರ ಜನರನ್ನು ಮಲಪ್ರಭೆಗೆ ಅಟ್ಟಿದುದಾಗಿ, ಅವರು ಅಲ್ಲಿ ಮುಳುಗಿಹೋದುದಾಗಿ ಅದರ ತಾತ್ಪರ್ಯ. ಅಂದಿನ ದಂಡಿನೊಡನೆ ಹೆಂಗಸರು, ಮಕ್ಕಳು, ಎತ್ತು ಕಾಯುವವರು, ಧಾನ್ಯ ಮಾರುವವರು ಇರುತ್ತಿದ್ದರು. ಮುಳುಗಿದವರಲ್ಲಿ ಆಯುಧ ಹಿಡಿದವರು ಎಷ್ಟು ಮಂದಿ ಎಂಬುದನ್ನು ಆ ವಾಕ್ಯ ಹೇಳುವುದಿಲ್ಲ. ಧೋಂಡಿಯಾ ಅಂದು ತಪ್ಪಿಸಿಕೊಂಡು, ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಕಾಳಗದಲ್ಲಿ ಮಡಿದನು.

1798ರ ಆಗಸ್ಟ್ ತಿಂಗಳ ದಾಖಲೆಯಲ್ಲಿ ಈ ಐದು ಸಾವಿರ ಜನರಿಗೆ ಸ್ಥಳವಿರಲಿಲ್ಲ. ಅವರು ಟಿಪ್ಪುವಿನ ರಾಜ್ಯದವರಲ್ಲದೆಯೂ ಇರಬಹುದು; ಮುನವಳ್ಳಿಯಂತೂ ಅವನ ರಾಜ್ಯದಲ್ಲಿರಲಿಲ್ಲ. ರಾಜ್ಯವೊಂದನ್ನು ಒಮ್ಮೆಗೇ ಕಿತ್ತೊಗೆದಾಗ ಅದು ಹಿಡಿದಿಟ್ಟಿದ್ದ ಸೈನ್ಯ, ಸಾಲ, ವೈರ, ಹಸಿವುಗಳೆಲ್ಲ ನೆರೆಯ ನೆಲಕ್ಕೆ ಹರಿಯುತ್ತವೆ ಎಂಬುದಕ್ಕೆ ಮಲಪ್ರಭೆಯ ಆ ದಿನ ಸಾಕ್ಷಿ.

ಎರಡನೆಯ ಪರಿಣಾಮ ನಿಧಾನವಾಗಿ ಬಂದಿತು. ಮೈಸೂರು ಉಳಿಯುವವರೆಗೆ ಕಂಪನಿಗೆ ಮರಾಠರ ಹಂಗು ಇತ್ತು. 1799ರ ಯುದ್ಧದಲ್ಲಿ ಪೇಶವೆ ಪಾಲುಗೊಳ್ಳಲಿಲ್ಲ, ತಡೆಯಲೂ ಇಲ್ಲ. 1802ರ ಕೊನೆಯ ದಿನ ಅವನೇ ವಸಯಿಯ ಒಪ್ಪಂದಕ್ಕೆ ಸಹಿ ಹಾಕಿ ಕಂಪನಿಯ ಆಶ್ರಿತನಾದನು. 1818ರಲ್ಲಿ ಪೇಶವಾಯಿಯೇ ಮುಗಿಯಿತು. ಅದೇ ವರ್ಷ ಮನ್ರೋ ಬೆಳಗಾವಿಯ ಕೋಟೆಯನ್ನು ಮುತ್ತಿದಾಗ ಕಿತ್ತೂರಿನ ದೇಸಾಯಿ ಅವನಿಗೆ ನೆರವಾದನು. ಟಿಪ್ಪುವಿನ ದಂಡನ್ನೂ ಪೇಶವೆಯ ವಸೂಲಿಯನ್ನೂ ಕಂಡಿದ್ದ ಸಂಸ್ಥಾನಕ್ಕೆ ಹೊಸ ಶಕ್ತಿಯೊಡನೆ ಸ್ನೇಹ ಸಹಜವಾಗಿ ತೋರಿರಬೇಕು. ಆರೇ ವರ್ಷಗಳಲ್ಲಿ, 1824ರಲ್ಲಿ, ದೇಸಾಯಿ ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ತೀರಿಕೊಂಡಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಒಪ್ಪಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ಕಿತ್ತೂರು ಬಿದ್ದಿತು. ರಾಣಿ ಚೆನ್ನಮ್ಮನವರು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡರು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಚೆನ್ನಮ್ಮನವರು ನೆರವು ಕೇಳಬಹುದಾಗಿದ್ದ ಸ್ವತಂತ್ರ ಶಕ್ತಿಯೊಂದೂ ಆಗ ದಕ್ಷಿಣದಲ್ಲಿ ಉಳಿದಿರಲಿಲ್ಲ. 1785ರಲ್ಲಿ ನರಗುಂದಕ್ಕೆ ಪುಣೆಯಿತ್ತು. 1824ರಲ್ಲಿ ಕಿತ್ತೂರಿಗೆ ಯಾರೂ ಇರಲಿಲ್ಲ.

ಅಣ್ವಸ್ತ್ರದ ಕಾಲಕ್ಕೆ

ಫ್ರೆಂಚ್ ಸೈನ್ಯ ಅಣುಬಾಂಬಲ್ಲ. ನೂರು ಮಂದಿ ಸ್ವಯಂಸೇವಕರ ವಿಷಯದಲ್ಲಿ ಕಾದುನೋಡಬಹುದು; ಒಂದೇ ಒಂದು ಬಾಂಬು ನಗರವನ್ನು ಸುಡಬಲ್ಲದಾದಾಗ ಕಾಯುವುದರ ಬೆಲೆ ಬೇರೆ. ಈ ಭೇದವನ್ನು ಒಪ್ಪಿಕೊಂಡೇ ಹೋಲಿಕೆಯನ್ನು ಮುಂದುವರಿಸಬೇಕು. ಆದರೂ 1798ರಲ್ಲಿ ಏಳುವ ಪ್ರಶ್ನೆಗಳು ಇಂದಿಗೂ ಅವೇ ಆಗಿವೆ.

ಉದ್ದೇಶವನ್ನೂ ಸಾಮರ್ಥ್ಯವನ್ನೂ ಬೇರೆಯಾಗಿ ತೂಗಲಾಗಿದೆಯೇ? 2003ರ ಇರಾಕಿನಲ್ಲಿ ತೂಗಲಿಲ್ಲ; ಯುದ್ಧಾನಂತರ ಹುಡುಕಿದರೂ ಆ ಅಸ್ತ್ರಗಳ ಸಂಗ್ರಹ ಸಿಗಲಿಲ್ಲ. ದಾಳಿಯು ವಿದ್ಯೆಯನ್ನು ಅಳಿಸುತ್ತದೆಯೇ? 1981ರ ದಾಳಿಯ ತರುವಾಯ ಇರಾಕು ಗುಪ್ತವಾಗಿ ಯುರೇನಿಯಂ ಸಂವರ್ಧನೆಗೆ ತೊಡಗಿದ್ದುದು 1991ರ ಯುದ್ಧದ ಬಳಿಕ ತನಿಖೆಯಿಂದ ಬಯಲಾಯಿತು. 2025ರ ದಾಳಿಗೆ ಮುನ್ನ ಇರಾನಿನ ಬಳಿ ಶೇಕಡಾ 60ರಷ್ಟು ಸಂವರ್ಧಿತ ಯುರೇನಿಯಂ ಸುಮಾರು 440 ಕಿಲೋಗ್ರಾಂ ಇತ್ತೆಂದು ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಅಂದಾಜಿಸಿತ್ತು. ದಾಳಿಯ ನಂತರದ ತಿಂಗಳುಗಳಲ್ಲಿ ಅದನ್ನು ಪರಿಶೀಲಿಸಲು ಸಂಸ್ಥೆಗೆ ಸಾಧ್ಯವಾಗಲಿಲ್ಲ. ಕಟ್ಟಡ ಉರುಳಿತು, ಲೆಕ್ಕ ಕೈತಪ್ಪಿತು. ಇನ್ನೊಂದು ಪಕ್ಷದ ಉದಾಹರಣೆಯೂ ಇದೆ: 2007ರಲ್ಲಿ ಇಸ್ರೇಲ್ ಸಿರಿಯದ ಸ್ಥಾವರವನ್ನು ನಾಶಮಾಡಿದಾಗ ದೊಡ್ಡ ಯುದ್ಧವೇನೂ ಆಗಲಿಲ್ಲ. ಆದ್ದರಿಂದ ಎಲ್ಲ ದಾಳಿಗಳೂ ವಿಫಲವೆಂಬ ಸಾರ್ವತ್ರಿಕ ಸೂತ್ರವನ್ನು ಕಟ್ಟಲಾಗದು.

ತೂಗಿ, ಬೇಡವೆಂದು ಕೈಬಿಟ್ಟ ನಿದರ್ಶನಗಳನ್ನು ನಾವು ಅಷ್ಟಾಗಿ ಓದುವುದಿಲ್ಲ. 1964ರಲ್ಲಿ ಚೀನದ ಅಣುಕೇಂದ್ರಗಳ ಮೇಲೆ ದಾಳಿ ಮಾಡುವುದನ್ನು ಅಮೆರಿಕದ ಸರಕಾರ ಗಂಭೀರವಾಗಿ ಪರಿಶೀಲಿಸಿ ಕೈಬಿಟ್ಟಿತು. ಅದೇ ಅಕ್ಟೋಬರ್ 16ರಂದು ಚೀನ ಬಾಂಬನ್ನು ಸ್ಫೋಟಿಸಿತು. ಜಗತ್ತು ಕ್ಷೇಮವಾಯಿತೆಂದಲ್ಲ, ಆದರೆ ಅಂಜಿದಂತಹ ಅಣುಯುದ್ಧವೂ ಆಗಲಿಲ್ಲ. ಭಾರತ-ಪಾಕಿಸ್ತಾನಗಳು 1988ರ ಡಿಸೆಂಬರ್ 31ರಂದು ಪರಸ್ಪರರ ಅಣುಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲವೆಂಬ ಒಪ್ಪಂದಕ್ಕೆ ಸಹಿ ಹಾಕಿದವು. 1991ರಲ್ಲಿ ಅದು ಜಾರಿಗೆ ಬಂದಿತು. ಅದರ ಪ್ರಕಾರ ಪ್ರತಿ ವರ್ಷ ಜನವರಿ 1ರಂದು ಎರಡೂ ದೇಶಗಳು ತಮ್ಮ ಅಣುಸ್ಥಾವರಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತವೆ. ಕಾರ್ಗಿಲ್ ಯುದ್ಧವಾದರೂ, ಮಾತುಕತೆಗಳು ಮುರಿದುಬಿದ್ದರೂ ಈ ವಿನಿಮಯ ನಡೆದುಬಂದಿದೆ. ಒಪ್ಪಂದದ ವ್ಯಾಖ್ಯೆಯಲ್ಲಿ ವಿದ್ಯುತ್ ಉತ್ಪಾದಿಸುವ ಅಣುಸ್ಥಾವರಗಳೂ ಸೇರಿರುವುದರಿಂದ ನಮ್ಮ ಕೈಗಾಕ್ಕೂ ಅದರ ರಕ್ಷೆಯಿದೆ. ಪರಸ್ಪರ ನಂಬದ ಎರಡು ರಾಜ್ಯಗಳು ಮಾಡಿಕೊಂಡ ಈ ಒಪ್ಪಂದದ ಆಧಾರ ಸ್ನೇಹವಲ್ಲ, ಸ್ಥಾವರ ಸಿಡಿದರೆ ಗಾಳಿಗೆ ಗಡಿಯಿಲ್ಲವೆಂಬ ಲೆಕ್ಕ. ಪಂಪನ ಮಂತ್ರಿಗಳ ಲೆಕ್ಕಕ್ಕೆ ಇದು ಹತ್ತಿರವಾದುದು.

ದಂಡೆತ್ತುವ ನಿರ್ಧಾರದ ಕಾಗದಪತ್ರಗಳನ್ನು ಓದುವ ವಿದ್ಯಾರ್ಥಿಗಳು ಅವುಗಳ ದಿನಾಂಕಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳಬೇಕು. ಭಯಕ್ಕೆ ಕಾರಣವಾದ ಸುದ್ದಿ ಯಾವಾಗ ಬಂದಿತು, ಅದು ಸುಳ್ಳೆಂದು ಅಥವಾ ಕ್ಷೀಣಿಸಿತೆಂದು ಯಾವಾಗ ತಿಳಿಯಿತು, ಆಜ್ಞೆ ಯಾವಾಗ ಹೊರಟಿತು ಎಂಬ ಮೂರು ಸಾಲುಗಳು ದೀರ್ಘವಾದ ಸಮರ್ಥನೆಗಳಿಗಿಂತ ಹೆಚ್ಚನ್ನು ಹೇಳುತ್ತವೆ. ಆಮೇಲೆ ಯುದ್ಧ ನಡೆದ ರಾಜಧಾನಿಯನ್ನು ಬಿಟ್ಟು, ನೂರಾರು ಮೈಲಿ ದೂರದ, ಯುದ್ಧದಲ್ಲಿ ಪಾಲುಗೊಳ್ಳದ ಊರೊಂದರ ಮುಂದಿನ ಇಪ್ಪತ್ತೈದು ವರ್ಷಗಳ ಚರಿತ್ರೆಯನ್ನು ಓದಬೇಕು. ಶ್ರೀರಂಗಪಟ್ಟಣದ ಪತನವನ್ನು ಕುರಿತು ಕನ್ನಡದಲ್ಲಿ ಬಹಳಷ್ಟು ಬರೆಯಲಾಗಿದೆ. 1800ರ ಜುಲೈ 30ರ ಮುನವಳ್ಳಿಯನ್ನು ಕುರಿತು ಬರೆಯುವ ಕೆಲಸ ಉಳಿದಿದೆ.